ವಾರಗಿತ್ತಿಯರ ಎಣಿಕೆ

ನನ್ನ ವಾರಗಿತ್ತಿ ಮನುಷ್ಯರ ರಕ್ತ ಪರೀಕ್ಷೆ ಮಾಡುವ ಡಾಕ್ಟರು. ನಾನು ನಾಯಿ ಬೆಕ್ಕುಗಳ ಡಾಕ್ಟರು. ಇಬ್ಬರದೂ ಒಂದೇ ಕಟ್ಟಡ, ಎರಡು ಬಾಗಿಲು, ನಡುವೆ ಒಂದು ಕೋಣೆ. ಆ ಕೋಣೆಯಲ್ಲಿ ರಕ್ತಕಣ ಎಣಿಸುವ ಮಿಷನ್ನಿದೆ. ಅದು ಒಂದೇ ಒಂದು, ಏಕೆಂದರೆ ಕೊಡಿಸಿದವರು ನಮ್ಮ ಅತ್ತೆ. ಇಬ್ಬರು ಗಂಡುಮಕ್ಕಳಿಗೆ ಮನೆ ಪಾಲು ಮಾಡುವಾಗ ಕಪಾಟು, ಪಾತ್ರೆ, ಬಾವಿಯ ಹಗ್ಗ ಎಲ್ಲವನ್ನೂ ಎರಡು ಮಾಡಿ ಕೊಟ್ಟ ಮಹಾತಾಯಿ, ಮಿಷನ್ನು ಮಾತ್ರ ಒಂದೇ ತಂದು ನಡುಕೋಣೆಯಲ್ಲಿಟ್ಟರು. "ಅಷ್ಟಕ್ಕಾದ್ರೂ ಮುಖ ಮುಖ ನೋಡ್ಕೊಳ್ಳಿ" ಎಂದರು. ಮುಖ ನೋಡದೆಯೂ ಅದನ್ನು ಬಳಸುವುದು ಹೇಗೆಂದು ನಾವು ಬೇಗನೆ ಕಲಿತೆವು.

ನಮ್ಮಿಬ್ಬರದು ಎಣ್ಣೆ ಸೀಗೇಕಾಯಿ. ಕಾರಣ ಕೇಳಬೇಡಿ, ಕಾರಣಗಳು ಬಹಳ, ಒಂದೂ ದೊಡ್ಡದಲ್ಲ. ಅವಳು ನನ್ನನ್ನು "ದನದ ಡಾಕ್ಟ್ರು" ಎನ್ನುತ್ತಾಳೆ, ನಾನು ಜನ್ಮದಲ್ಲಿ ಒಂದು ದನಕ್ಕೂ ಸೂಜಿ ಚುಚ್ಚಿದವಳಲ್ಲ ಎಂದು ಗೊತ್ತಿದ್ದೂ. ನಾನು ಎದುರಿಗೆ "ಅಕ್ಕ, ನೀವು" ಎನ್ನುತ್ತೇನೆ, ಮನಸ್ಸಿನಲ್ಲಿ ಏಕವಚನ. ಇಲ್ಲಿ ಬರೆಯುತ್ತಿರುವುದು ಮನಸ್ಸಿನ ಮಾತಾದ್ದರಿಂದ ಏಕವಚನವೇ ಇರಲಿ.

ಆ ಮಿಷನ್ನಿನ ಗುಣ ಸ್ವಲ್ಪ ಹೇಳಬೇಕು. ಅದಕ್ಕೆ ಕಣ್ಣಿಲ್ಲ, ಗಾತ್ರದ ಮೇಲೆ ಎಣಿಸುತ್ತದೆ. ದೊಡ್ಡದು ಹಾದುಹೋದರೆ ಕೆಂಪುಕಣ, ಚೂರು ಹಾದುಹೋದರೆ ಪ್ಲೇಟ್‌ಲೆಟ್, ಅಂದರೆ ಗಾಯವಾದಾಗ ರಕ್ತ ನಿಲ್ಲಿಸುವ ಕಣ. ಯಾರ ರಕ್ತವೆಂದು ಮೊದಲೇ ನಾವು ಹೇಳಬೇಕು. ಅದಕ್ಕೆ ಪರದೆಯ ಮೇಲೆ ಮನುಷ್ಯ, ನಾಯಿ, ಬೆಕ್ಕು ಎಂದು ಮೂರು ಪುಟ್ಟ ಚಿತ್ರಗಳು. ಕೆಲಸ ಮುಗಿದ ಮೇಲೆ ಮನುಷ್ಯನ ಚಿತ್ರಕ್ಕೆ ತಂದಿಡಬೇಕು ಎಂಬುದು ವಾರಗಿತ್ತಿಯ ಕಟ್ಟಪ್ಪಣೆ. ಅದಕ್ಕೇ ನಾನು ಬೆಕ್ಕಿನ ಮೇಲೆ ಬಿಟ್ಟು ಬರುತ್ತಿದ್ದೆ. ಬೆಳಿಗ್ಗೆ ಅವಳು ಹಲ್ಲು ಕಡಿಯುತ್ತ ಬದಲಾಯಿಸಿಕೊಳ್ಳುವುದು ಗೋಡೆಯಾಚೆಗೆ ಕೇಳಿಸುತ್ತಿತ್ತು. ಸುಳ್ಳು ಏಕೆ ಹೇಳಲಿ, ಆ ಸದ್ದು ಕೇಳಿದರೆ ನನಗೆ ದಿನವಿಡೀ ಹುಮ್ಮಸ್ಸು.

ಹೀಗಿರುವಾಗ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡರು. ನಮ್ಮ ಬೀದಿಯ ತುದಿಯಲ್ಲೇ ಇರುವ ಮೂಳೆ ಆಸ್ಪತ್ರೆಗೆ ಸೇರಿಸಿದೆವು. ಮುರಿದ ಕಡೆ ರಾಡು ಹಾಕಬೇಕು, ಬೇಗ ಹಾಕಿದಷ್ಟು ಒಳ್ಳೆಯದು ಎಂದರು. ಆ ವಯಸ್ಸಿನಲ್ಲಿ ಹಾಸಿಗೆ ಹಿಡಿದರೆ ಮೊದಲು ಬೆನ್ನು ಹುಣ್ಣಾಗುತ್ತದೆ, ಆಮೇಲೆ ಎದೆಯಲ್ಲಿ ಕಫ ಕಟ್ಟುತ್ತದೆ, ಆಮೇಲೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಅತ್ತೆಯ ಎದೆಯಂತೂ ಮೊದಲೇ ಹಳೇ ಹಾರ್ಮೋನಿಯಂ. ಪೂರ್ತಿ ಪ್ರಜ್ಞೆ ತಪ್ಪಿಸುವ ಹಾಗಿಲ್ಲ, ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಬೇಕು ಎಂದು ಅರಿವಳಿಕೆ ಡಾಕ್ಟರು ಹೇಳಿದರು. "ಆದ್ರೆ ಪ್ಲೇಟ್‌ಲೆಟ್ ಎಂಬತ್ತು ಸಾವಿರ ಇರ್ಬೇಕು. ಅದಕ್ಕಿಂತ ಕಮ್ಮಿ ಇದ್ರೆ ನಾನು ಸೂಜಿ ಮುಟ್ಟೋದಿಲ್ಲ. ಬೆನ್ನೊಳಗೆ ರಕ್ತ ಜಿನುಗಿದ್ರೆ ಕಾಲು ಎರಡೂ ಹೋಗ್ತವೆ."

ಆ ಆಸ್ಪತ್ರೆಯ ರಕ್ತ ಬರುವುದು ವಾರಗಿತ್ತಿಯ ಪರೀಕ್ಷಾಲಯಕ್ಕೇ. ಅವಳ ವರದಿ ಬಂತು. ಮೂವತ್ತೊಂದು ಸಾವಿರ.

ಶಸ್ತ್ರಚಿಕಿತ್ಸೆ ನಿಂತಿತು. ಮಾರನೆಯ ದಿನ ಮತ್ತೆ ತೆಗೆದರು, ಇಪ್ಪತ್ತೊಂಬತ್ತು ಬಂತು. ಅತ್ತೆ ಮಲಗಿದಲ್ಲೇ ಕೆಮ್ಮಲು ಶುರುಮಾಡಿದರು. ನನ್ನ ಗಂಡ, ಭಾವ ಇಬ್ಬರೂ ಹಾಸಿಗೆಯ ಆಚೆ ಈಚೆ ನಿಂತು, "ಏನು ಮಾಡೋದು, ನಮ್ಮ ಕೈಲೇನಿದೆ" ಎಂದು ಗೋಡೆಗೆ ಹೇಳುತ್ತಿದ್ದರು. ಆ ಅಣ್ಣತಮ್ಮಂದಿರ ಕೈಯಲ್ಲಿ ಯಾವತ್ತೂ ಏನೂ ಇದ್ದದ್ದಿಲ್ಲ.

ನನಗೆ ಅನುಮಾನ ಬಂದದ್ದು ಬೆಕ್ಕುಗಳಿಂದ. ಬೆಕ್ಕಿನ ಪ್ಲೇಟ್‌ಲೆಟ್‌ಗಳು ಬಲು ಜಗಳಗಂಟಿಗಳು, ಶೀಷೆಗೆ ಬಿದ್ದ ಕೂಡಲೇ ಒಂದರ ಮೇಲೊಂದು ಬಿದ್ದು ಗಂಟು ಕಟ್ಟುತ್ತವೆ. ಇಡೀ ಗಂಟನ್ನು ಮಿಷನ್ನು ಬೇರೆ ಏನೋ ಎಂದುಕೊಂಡು ಬಿಟ್ಟುಬಿಡುತ್ತದೆ, ಲೆಕ್ಕ ಪಾತಾಳಕ್ಕಿಳಿಯುತ್ತದೆ. ಮನುಷ್ಯರಲ್ಲೂ ಅಪರೂಪಕ್ಕೆ ಕೆಲವರಿಗೆ, ಶೀಷೆಯಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹಾಕುವ ಆ ಔಷಧಿಗೇ ಹೀಗಾಗುತ್ತದೆ. ಅತ್ತೆಯ ಮೈಮೇಲೆ ಚರ್ಮದಡಿ ರಕ್ತ ಜಿನುಗಿದ ಒಂದು ಕೆಂಪು ಚುಕ್ಕೆಯಿಲ್ಲ, ಸೂಜಿ ಚುಚ್ಚಿದ ಜಾಗ ಆಗಲೇ ಒಣಗಿದೆ. ಮೂವತ್ತು ಸಾವಿರದ ಮೈ ಹಾಗಿರುವುದು ಕಡಿಮೆ.

ಮೂರನೆಯ ದಿನ ಬೆಳಿಗ್ಗೆ ವಾರಗಿತ್ತಿ ತಿಂಡಿಗೆ ಹೋದಾಗ ಅವಳ ಕೋಣೆಗೆ ನುಗ್ಗಿ ಅತ್ತೆಯ ರಕ್ತದ ಗಾಜನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟೆ. ಗಾಜಿನ ಮೇಲೆ ರಕ್ತ ಎಳೆದಾಗ ಕೊನೆಯಲ್ಲಿ ತೆಳ್ಳಗೆ ಮುಗಿಯುತ್ತದಲ್ಲ, ಅದನ್ನು ಬಾಲ ಎನ್ನುತ್ತೇವೆ. ಗಂಟುಗಳು ಎಳೆತಕ್ಕೆ ಸಿಕ್ಕಿ ಬಾಲಕ್ಕೆ ಹೋಗಿ ಸೇರುತ್ತವೆ. ಅತ್ತೆಯ ಬಾಲದಲ್ಲಿ ಅವು ಸಾಲಾಗಿ ಕೂತಿದ್ದವು.

"ಯಾರನ್ನ ಕೇಳಿ ಒಳಗೆ ಬಂದೆ?" ವಾರಗಿತ್ತಿ ಬಾಗಿಲಲ್ಲಿ ನಿಂತಿದ್ದಳು.

"ಗಂಟು ಕಟ್ಟಿದೆ ಅಕ್ಕ. ನೀವು ಮಧ್ಯದಲ್ಲಿ ಮಾತ್ರ ನೋಡಿದೀರಿ. ಬಾಲ ನೋಡಿಲ್ಲ."

"ಬಾಲ ನೋಡೋದು ನಿನ್ನ ಕಸುಬು" ಎಂದಳು. "ಮಧ್ಯದಲ್ಲೂ ಕಮ್ಮೀನೇ ಇದೆ. ಗಂಟು ಬಿಡಿಸಿದ್ರೂ ಎಷ್ಟು ಅಂತ ಗ್ಯಾರಂಟಿ ಏನು? ಇದು ನಿನ್ನ ಬೆಕ್ಕಲ್ಲ, ನಮ್ಮತ್ತೆ. ಗಾಜು ಅಲ್ಲಿಡು, ಹೊರಗೆ ಹೋಗು."

ಹೋದೆ, ಆದರೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ನೇರವಾಗಿ ಆಸ್ಪತ್ರೆಗೆ ಹೋದೆ. ಗಂಟು ಕಟ್ಟದ ಬೇರೆ ಔಷಧಿಯ ಶೀಷೆ, ನೀಲಿ ಮುಚ್ಚಳದ್ದು, ಜೇಬಿನಲ್ಲಿತ್ತು. ಅತ್ತೆ ನನ್ನ ಕೈಯಲ್ಲಿನ ಸೂಜಿ ನೋಡಿ ಕಣ್ಣು ಅಗಲಿಸಿದರು.

"ಇದೇ ಸೂಜೀಲಿ ಯಾವ ನಾಯಿಗೆ ಚುಚ್ಚಿ ಬಂದೆ?"

"ಹೊಸದು ಅತ್ತೆ. ಕೈ ಚಾಚಿ."

"ಕಚ್ಚಿದ್ರೆ ಬಾಯಿಗೆ ಬುಟ್ಟಿ ಕಟ್ತೀಯೇನೋ" ಎಂದರು, ಆದರೂ ಕೈ ಚಾಚಿದರು. ತೋಳು ಕಡ್ಡಿಯಾಗಿತ್ತು. ನನ್ನ ಮದುವೆಯಾದ ಹೊಸದರಲ್ಲಿ ಆ ತೋಳು ಬೀಸಿಕೊಂಡು ಅಡುಗೆಮನೆಗೆ ಬಂದರೆ ಪಾತ್ರೆಗಳೂ ನೆಟ್ಟಗೆ ನಿಲ್ಲುತ್ತಿದ್ದವು. ನನಗೆ ಅವರ ಮೇಲೆ ಪ್ರೀತಿ ಇತ್ತು ಎಂದು ಯಾರಾದರೂ ಹೇಳಿದರೆ ನಗುತ್ತಿದ್ದೆ. ಆ ಹೊತ್ತಿಗೆ ಮಾತ್ರ ನನಗೆ ಅವರು ಸಾಯಬಾರದಾಗಿತ್ತು, ಅಷ್ಟೇ ಗೊತ್ತು.

ಓಡಿ ಬಂದು ಮಿಷನ್ನಿಗೆ ಹಾಕಿದೆ. ಒಂದು ಲಕ್ಷದ ತೊಂಬತ್ತಾರು ಸಾವಿರ!

ಕುಣಿದುಬಿಟ್ಟೆ. ಆಸ್ಪತ್ರೆಗೆ ಫೋನು ಮಾಡಿ, "ಲಕ್ಷದ ತೊಂಬತ್ತಾರು, ತಯಾರಿ ಮಾಡಿ" ಎಂದೆ. ಮಧ್ಯಾಹ್ನಕ್ಕೇ ಒಳಗೆ ತಗೊಳ್ಳುತ್ತೇವೆ, ಸಹಿ ಹಾಕಿದ ವರದಿ ಕಳಿಸಿ ಎಂದರು. ಮಿಷನ್ನು ಕಕ್ಕಿದ ಚೀಟಿಯನ್ನು ಹಿಡಿದು ವಾರಗಿತ್ತಿಯ ಮೇಜಿನ ಮೇಲೆ ಬಡಿದೆ. ಅಂಥ ಗಳಿಗೆಗಾಗಿ ಎಷ್ಟೋ ವರ್ಷದಿಂದ ಕಾದಿದ್ದೆ.

ಅವಳು ಚೀಟಿಯನ್ನು ಮೇಲಿಂದ ಕೆಳಗೆ ನೋಡಿದಳು. ಮುಖದಲ್ಲಿ ಏನೂ ಇಲ್ಲ. ಆಮೇಲೆ ಬೆರಳನ್ನು ಚೀಟಿಯ ಮೂಲೆಗೆ ಒತ್ತಿ ನನ್ನ ಕಡೆ ತಿರುಗಿಸಿದಳು.

ಮೂಲೆಯಲ್ಲಿ ಕಿವಿ ನಿಮಿರಿಸಿದ ಪುಟ್ಟ ಬೆಕ್ಕು.

ಬೆಳಿಗ್ಗೆ ನಾನೇ ಬಿಟ್ಟುಬಂದಿದ್ದೆ. ಅವಳು ಆ ದಿನ ಇನ್ನೂ ಮಿಷನ್ನು ಮುಟ್ಟಿರಲಿಲ್ಲ. ಬೆಕ್ಕಿನ ಪ್ಲೇಟ್‌ಲೆಟ್ ದಪ್ಪ, ಕೆಂಪುಕಣ ಸಣ್ಣ. ಬೆಕ್ಕಿನ ಲೆಕ್ಕದಲ್ಲಿ ಕೂತ ಮಿಷನ್ನು ಸ್ವಲ್ಪ ದಪ್ಪಗಿದ್ದ ಚೂರನ್ನೂ ಪ್ಲೇಟ್‌ಲೆಟ್ ಎನ್ನುತ್ತದೆ. ಅತ್ತೆಗೋ ಮೊದಲಿಂದ ರಕ್ತಹೀನತೆ, ಅವರ ಕೆಂಪುಕಣಗಳೇ ಸೊರಗಿ ಚೂರಾಗಿವೆ. ಅವನ್ನೆಲ್ಲ ಹಿಡಿದು ಪ್ಲೇಟ್‌ಲೆಟ್ ಲೆಕ್ಕಕ್ಕೆ ತುರುಕಿ ಲಕ್ಷ ಮಾಡಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಇಲ್ಲಿ ಇಲಿ ನಮ್ಮತ್ತೆ.

"ಮಧ್ಯಾಹ್ನ ಸೂಜಿ ಹಾಕ್ತಾರೆ ಅಂದ್ಯಲ್ಲ" ಎಂದಳು ವಾರಗಿತ್ತಿ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಕೊಲ್ತಿದ್ದೆಯಲ್ಲೇ."

ಮಿಷನ್ನನ್ನು ಮನುಷ್ಯನಿಗೆ ತಿರುಗಿಸಿ ಅದೇ ನೀಲಿ ಶೀಷೆಯನ್ನು ಮತ್ತೆ ಹಾಕಿದೆವು. ನಲವತ್ತನಾಲ್ಕು ಬಂತು. ಇನ್ನೊಮ್ಮೆ ಹಾಕಿದರೆ ಅರವತ್ತೆರಡು. ಆ ಶೀಷೆಯಲ್ಲೂ ಅಲ್ಪಸ್ವಲ್ಪ ಗಂಟು ಇತ್ತು. ವಾರಗಿತ್ತಿ ಮಿಷನ್ನಿನ ಕಡೆ, ಅದು ನನ್ನ ತವರಿನವರು ಎಂಬಂತೆ ನೋಡಿದಳು.

"ಕೈಯಲ್ಲೇ ಎಣಿಸ್ಬೇಕು" ಎಂದಳು ಕೊನೆಗೆ. "ಬೆರಳಿಂದ ನೇರವಾಗಿ ತೆಗೆದು."

"ಅದನ್ನೇ ನಾನೂ..."

"ನೀನು ಬಾಯಿ ಮುಚ್ಕೊಂಡು ಬಾ."

ಒಟ್ಟಿಗೆ ಬೀದಿಯಲ್ಲಿ ನಡೆದು ಹೋದೆವು, ನಡುವೆ ಒಂದು ಗಾಡಿ ಹೋಗುವಷ್ಟು ಅಂತರ ಬಿಟ್ಟು. ಅತ್ತೆ ಇಬ್ಬರನ್ನೂ ಒಟ್ಟಿಗೆ ಕಂಡು, "ನಾನು ಸಾಯ್ತಿದೀನಾ?" ಎಂದು ಕೇಳಿದರು. ಬೆರಳು ಚುಚ್ಚಿ, ರಕ್ತವನ್ನು ಶೀಷೆಯ ಔಷಧಿಗೆ ತಾಗಿಸದೆ ನೇರವಾಗಿ ತೆಳುಮಾಡುವ ದ್ರಾವಣಕ್ಕೆ ಹಾಕಿಕೊಂಡು ವಾರಗಿತ್ತಿಯ ಕೋಣೆಗೆ ಹಿಂತಿರುಗಿದೆವು. ಆ ದ್ರಾವಣದಲ್ಲಿ ಕೆಂಪುಕಣಗಳು ಒಡೆದು ಕರಗಿಹೋಗುತ್ತವೆ, ಪ್ಲೇಟ್‌ಲೆಟ್ ಮಾತ್ರ ಉಳಿಯುತ್ತವೆ. ಅದರ ಒಂದು ತೊಟ್ಟನ್ನು ಗೆರೆ ಕೊರೆದ ಎಣಿಕೆ ಗಾಜಿನ ಮೇಲೆ ಬಿಟ್ಟು, ಒದ್ದೆ ಕಾಗದದ ಜೊತೆ ಮುಚ್ಚಿಟ್ಟು, ಕಣಗಳು ತಳಕ್ಕಿಳಿಯುವವರೆಗೆ ಕಾಯಬೇಕು. ನಡುವಿನ ಚೌಕದಲ್ಲಿ ಒಂದು ಕಣ ಕಂಡರೆ ಒಂದು ಸಾವಿರ ಎಂದು ಲೆಕ್ಕ.

ಕಾಯುವಾಗ ಇರುವ ನಿಯಮ ಒಂದೇ, ಮೇಜು ಅಲುಗಬಾರದು. ಅಲುಗಿದರೆ ಕಣಗಳು ಎದ್ದು ಓಡಾಡುತ್ತವೆ. ನಾವಿಬ್ಬರೂ ಒಂದೇ ಮೇಜಿನ ಎರಡು ಕಡೆ ಕೂತಿದ್ದೆವು. ವರ್ಷಗಳ ಜಗಳ ನಾಲಿಗೆಯ ತುದಿಯಲ್ಲಿ, ಕುಟ್ಟಲು ಮೇಜಿಲ್ಲ.

"ದಿನಾ ಬೇಕಂತಲೇ ಬೆಕ್ಕಿನ ಮೇಲೆ ಬಿಟ್ಟು ಬರ್ತೀಯ" ಎಂದಳು ಪಿಸುದನಿಯಲ್ಲಿ.

"ನೀವು ದಿನಾ ಬೇಕಂತಲೇ ನನ್ನ ನಾಯಿಗಳ ರಕ್ತದ ಶೀಷೆ ಸಿಂಕಿನ ಪಕ್ಕ ಇಡ್ತೀರಿ" ಎಂದೆ ನಾನೂ ಪಿಸುದನಿಯಲ್ಲಿ.

"ಅವು ನಾರ್ತವೆ."

"ನಾಯಿ ರಕ್ತ ನಾರಲ್ಲ. ನಿಮ್ಮ ಮೂಗು ನಾರ್ತದೆ."

"ಮೆಲ್ಲಗೆ. ಮೊಣಕೈ ತೆಗಿ."

ಮೊಣಕೈ ತೆಗೆದೆ. ಅವಳು ಕೈಗಳನ್ನು ಮಡಿಲಲ್ಲಿ ಹಿಸುಕಿಕೊಳ್ಳುತ್ತಿದ್ದಳು. "ಮೊದಲ ದಿನವೇ ಬಾಲ ನೋಡಿದ್ರೆ ಇಷ್ಟೊತ್ತಿಗೆ ಅವರು ಎದ್ದು ಕೂತು ನಮ್ಮನ್ನ ಬೈತಿದ್ರು" ಎಂದೆ. ಚುಚ್ಚಲೆಂದೇ ಹೇಳಿದ್ದು, ಚುಚ್ಚಿತು. ಅವಳ ಕಣ್ಣು ತುಂಬಿತು. ನನಗೆ ಪಾಪ ಅನ್ನಿಸಲಿಲ್ಲ. ಈಗಲಾದರೂ ತಟ್ಟಿತಲ್ಲ ಎಂದು ಖುಷಿಯಾಯಿತು, ಆಮೇಲೆ ಆ ಖುಷಿಗೇ ನಾಚಿ ಗಾಜಿನ ಕಡೆ ತಿರುಗಿದೆ.

ಇಬ್ಬರೂ ಬೇರೆ ಬೇರೆ ಎಣಿಸುವುದು, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳಬಾರದು, ಅಂಗೈ ಮೇಲೆ ಬರೆದುಕೊಂಡು ಒಟ್ಟಿಗೆ ತೋರಿಸುವುದು ಎಂದು ಅವಳೇ ಕರಾರು ಹಾಕಿದಳು. ಮೊದಲು ಅವಳು ಎಣಿಸಿದಳು. ಆಮೇಲೆ ನಾನು. ಮಬ್ಬು ಬೆಳಕಿನಲ್ಲಿ ಕಣಗಳು ಚುಕ್ಕಿಗಳ ಹಾಗೆ ಮಿನುಗುತ್ತಿದ್ದವು. ಎಂಬತ್ತು ದಾಟಲಿ, ದಾಟಲಿ ಎಂದುಕೊಂಡೇ ಎಣಿಸಿದೆ. ಹಾಗೆ ಎಣಿಸಬಾರದು ಎಂದು ಕಾಲೇಜಿನಲ್ಲೇ ಹೇಳಿಕೊಟ್ಟಿದ್ದರು.

ಅಂಗೈ ಬಿಚ್ಚಿದೆವು. ಅವಳದು ಎಪ್ಪತ್ತೇಳು. ನನ್ನದು ಎಂಬತ್ತಮೂರು.

"ಧೂಳನ್ನೂ ಸೇರಿಸ್ಕೊಂಡಿದೀಯ" ಎಂದಳು.

"ನೀವು ಕಣವನ್ನೇ ಧೂಳು ಅಂದಿದೀರಿ."

"ಗೆರೆ ಮೇಲೆ ಕೂತಿದ್ದನ್ನ ಎರಡೇ ಕಡೆ ಎಣಿಸ್ಬೇಕು. ನೀನು ನಾಲ್ಕೂ ಕಡೆ ಬಾಚ್ಕೊಂಡಿರ್ತೀಯ. ಕಾಂಪೌಂಡ್ ಗೋಡೆ ವಿಷಯದಲ್ಲೂ ಹಾಗೇ ಮಾಡಿದ್ದಲ್ಲವಾ?"

"ಗೋಡೆ ನಮ್ಮದೇ!"

"ನೋಡಿದ್ಯಾ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮತ್ತೆ ಎಣಿಸಿದೆವು. ಅವಳಿಗೆ ಎಪ್ಪತ್ತೆಂಟು, ನನಗೆ ಎಂಬತ್ತೆರಡು. ಇದಕ್ಕಿಂತ ಹತ್ತಿರ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಕೈಯೆಣಿಕೆಯಲ್ಲಿ ಅಷ್ಟು ಆಚೆ ಈಚೆ ಇದ್ದೇ ಇರುತ್ತದೆ. ಬೇರೆ ಯಾವ ದಿನವಾಗಿದ್ದರೂ ಅದು ಒಳ್ಳೆಯ ಎಣಿಕೆ. ಆದರೆ ಎಂಬತ್ತರ ಗೆರೆ ನಮ್ಮಿಬ್ಬರ ಮಧ್ಯೆಯೇ ಹಾದುಹೋಗಿತ್ತು.

"ಎಂಬತ್ತು ಅಂತ ಬರೆದುಬಿಡಿ ಅಕ್ಕ" ಎಂದೆ. ಬೇಡಿಕೊಂಡದ್ದು ಅದೇ ಮೊದಲು.

"ಎಂಬತ್ತು ನಾನೂ ನೋಡಿಲ್ಲ, ನೀನೂ ನೋಡಿಲ್ಲ" ಎಂದಳು. "ನೋಡದೇ ಇರೋದನ್ನ ಬರೆಯೋದಿಲ್ಲ." ಹಠಮಾರಿ. ಒಬ್ಬರದೊಬ್ಬರು ನೋಡುವ ಮೊದಲು ಎಣಿಸಿದ ಎರಡು ಲೆಕ್ಕಗಳನ್ನೂ ಇದ್ದ ಹಾಗೇ ಬರೆದು ಸಹಿ ಹಾಕಿದಳು.

ಆಸ್ಪತ್ರೆಯಲ್ಲಿ ಅತ್ತೆಯನ್ನು ಆಗಲೇ ತಳ್ಳುಮಂಚಕ್ಕೆ ಹಾಕಿ ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿಗೆ ತಂದಿದ್ದರು. ಅರಿವಳಿಕೆ ಡಾಕ್ಟರು ವರದಿ ಓದಿ ನಮ್ಮಿಬ್ಬರನ್ನೂ ಬದಲಿಸಿ ಬದಲಿಸಿ ನೋಡಿದರು.

"ಮೊದಲು ಮೂವತ್ತೊಂದು ಅಂದ್ರಿ. ಆಮೇಲೆ ಲಕ್ಷದ ತೊಂಬತ್ತಾರು. ಈಗ ಎಪ್ಪತ್ತೇಳೋ ಎಂಬತ್ತಮೂರೋ ಅಂತೀರಿ. ಇದೇನು ತರಕಾರಿ ರೇಟಾ?"

"ಮೊದಲಿಂದು ಗಂಟು ಕಟ್ಟಿದ್ದು" ಎಂದಳು ವಾರಗಿತ್ತಿ. "ನಾನು ನೋಡ್ಬೇಕಿತ್ತು."

"ಎರಡನೇದು ಬೆಕ್ಕಿನ ಲೆಕ್ಕ. ತಪ್ಪು ನನ್ನದು" ಎಂದೆ.

"ಅದಿರ್ಲಿ. ಈಗಿನದು? ನಾನು ಒಂದು ನಂಬರ್ ಹಿಡ್ಕೊಂಡು ಒಳಗೆ ಹೋಗ್ಬೇಕು. ಒಬ್ಬರದ್ದು ಎಂಬತ್ತರ ಮೇಲಿದೆ, ಒಬ್ಬರದ್ದು ಕೆಳಗಿದೆ. ಯಾರದ್ದನ್ನ ನಂಬಲಿ?"

"ಅಕ್ಕನದ್ದು" ಎಂದೆ.

"ಅವಳದ್ದು" ಎಂದಳು ವಾರಗಿತ್ತಿ, ಅದೇ ಉಸಿರಿಗೆ.

ಇದನ್ನು ಕೇಳಿ ಯಾರೂ ಕಣ್ಣೊರೆಸಿಕೊಳ್ಳಬೇಡಿ. ಅದು ಔದಾರ್ಯವಲ್ಲ, ಭಯ. ಸೂಜಿ ಹೋಗಿ ಬೆನ್ನಿನಲ್ಲಿ ರಕ್ತ ಜಿನುಗಿದರೆ, ಕಾಲು ಎರಡೂ ಹೋದರೆ, ಆ ಲೆಕ್ಕ ಯಾರದ್ದೋ ಅವರು ಬದುಕಿರುವವರೆಗೆ ಅದನ್ನು ಹೊರಬೇಕು. ಸೂಜಿ ಬೇಡವೆಂದು ಹಿಂದೆ ಕಳಿಸಿ, ಅತ್ತೆ ಕೆಮ್ಮಿ ಕೆಮ್ಮಿ ಹೋದರೂ ಅಷ್ಟೇ. ಯಾವ ಸೂಜಿಗಾಗಿ ನಾನು ಬೆಳಗಿನಿಂದ ಬಡಿದಾಡಿದ್ದೆನೋ, ಬಾಗಿಲಿಗೆ ಬಂದಾಗ ಅದೇ ಸೂಜಿಗೆ ಹೆದರಿ ಅವಳ ಬೆನ್ನ ಹಿಂದೆ ಅಡಗಿದೆ. ಅವಳೂ ನನ್ನ ಬೆನ್ನ ಹಿಂದೆ ಅಡಗಲು ಬಂದಿದ್ದಳು.

ಮಂಚದ ಮೇಲಿಂದ ಅತ್ತೆ ಕೆಮ್ಮಿದರು. ಕೆಮ್ಮು ನಿಲ್ಲುವವರೆಗೆ ಎಲ್ಲರೂ ಕಾದರು. ಅವರ ಕಣ್ಣು ನಮ್ಮಿಬ್ಬರ ಮೇಲಿತ್ತು, ಅಡುಗೆಮನೆಗೆ ಬರುತ್ತಿದ್ದ ಆ ಹಳೇ ಕಣ್ಣು.

"ಮನೆ ಪಾಲು ಮಾಡುವಾಗ ಒಂದು ಸೌಟಿಗೂ ನನ್ನದು ನನ್ನದು ಅಂತ ಕಿತ್ತಾಡಿದ್ರಿ" ಎಂದರು. "ಈಗ ನನ್ನ ರಕ್ತ ಪಾಲಿಗೆ ಬಂದಾಗ ಅವಳದ್ದು ಅವಳದ್ದು ಅಂತೀರಾ?"

ಆಮೇಲೆ ಡಾಕ್ಟರ ಕಡೆ ತಿರುಗಿದರು.

"ಡಾಕ್ಟ್ರೇ, ಇವರಲ್ಲಿ ಯಾರು ಸರಿ ಎಣಿಸ್ತಾರೆ ಅಂತ ನನ್ನ ಕೇಳ್ಬೇಡಿ. ಇವರಿಬ್ರೂ ಯಾವತ್ತೂ ಒಂದು ಮಾತು ಒಪ್ಪಿದವರಲ್ಲ. ಇವತ್ತೂ ಒಪ್ಪಿಲ್ಲ ಅಂದ್ರೆ, ಇಬ್ರೂ ಮೋಸ ಮಾಡದೆ ಎಣಿಸಿದಾರೆ ಅಂತ ಅರ್ಥ. ಸರಿಯಾದ್ದು ಇವರಿಬ್ಬರ ಮಧ್ಯೆ ಎಲ್ಲೋ ಇರ್ತದೆ. ಮನೇಲಿ ನಾನೂ ಅಲ್ಲೇ ಇದ್ದವಳು. ಸೂಜಿ ಹಾಕಿ. ನನ್ನ ಬೆನ್ನು, ನಾನು ಹೇಳ್ತಿದೀನಿ."

ಡಾಕ್ಟರು ತಕ್ಷಣ ಒಪ್ಪಲಿಲ್ಲ. ಅತ್ತೆಯ ತೋಳು, ಕಾಲು ಎಲ್ಲಾ ತಿರುಗಿಸಿ ಕೆಂಪು ಚುಕ್ಕೆ ಇದೆಯೇ ಎಂದು ನೋಡಿದರು, ನಾವು ಚುಚ್ಚಿದ ಬೆರಳನ್ನು ಒತ್ತಿ ನೋಡಿದರು. ಒಣಗಿತ್ತು. ಎಣಿಕೆ ಗಾಜಿನಲ್ಲಿ ಗಂಟು ಇತ್ತೇ ಎಂದು ವಾರಗಿತ್ತಿಯನ್ನು ಮತ್ತೊಮ್ಮೆ ಕೇಳಿದರು, ಒಂದೂ ಇರಲಿಲ್ಲ ಎಂದು ಅವಳು ಹೇಳಿದಳು. "ಇಲ್ಲಿ ಮೂರು ಸಾವಿರ ಹೆಚ್ಚು ಕಮ್ಮಿ ಅಂತ ಮಲಗಿಸಿ ಇಟ್ರೆ ಅದೇ ಕೊಲ್ಲುತ್ತೆ" ಎಂದು ತಮಗೆ ತಾವೇ ಹೇಳಿಕೊಂಡು, ಇರುವುದರಲ್ಲೇ ಸಣ್ಣ ಸೂಜಿ ತೆಗೆಯಲು ಹೇಳಿ ಒಳಗೆ ಹೋದರು. ಬಾಗಿಲು ಮುಚ್ಚಿತು.

ಬೆಂಚಿನ ಎರಡು ತುದಿಯಲ್ಲಿ ಕೂತೆವು.

"ಅವರಿಗೆ ಏನಾದ್ರೂ ಆದ್ರೆ ನಿನ್ನ ಮುಖ ನೋಡೋದಿಲ್ಲ" ಎಂದಳು ವಾರಗಿತ್ತಿ.

"ಏನೂ ಆಗದಿದ್ರೆ ನೋಡ್ತೀರಾ?"

"ಆಗ್ಲೂ ಇಲ್ಲ."

ಗಂಡಸರು ಬಂದರು, ಏನಾಯಿತು ಎಂದು ಕೇಳಿದರು, ಹೋದರು. ನಾನು ಅಂಗೈ ಮುಷ್ಟಿ ಕಟ್ಟಿಕೊಂಡೇ ಇದ್ದೆ. ಬೆವರಿಗೆ ಶಾಯಿ ಹರಡಿತ್ತು. ದೇವರೇ, ನನ್ನ ಆರು ಸಾವಿರ ಧೂಳೇ ಆಗಿದ್ದರೆ ಎಂದು ನೆನೆದಾಗಲೆಲ್ಲ ಮುಷ್ಟಿಯನ್ನು ಇನ್ನಷ್ಟು ಬಿಗಿಯುತ್ತಿದ್ದೆ. ವಾರಗಿತ್ತಿಯ ಬಾಯಿ ತನ್ನಷ್ಟಕ್ಕೆ ಏನೋ ಎಣಿಸುತ್ತಿತ್ತು.

ಬಹಳ ಹೊತ್ತಿನ ಮೇಲೆ ನರ್ಸು ಹೊರಗೆ ಬಂದಳು. "ರಾಡು ಕೂತಿದೆ, ರಕ್ತ ಸರಿಯಾಗಿ ನಿಂತಿದೆ. ಮರಗಟ್ಟಿದ್ದು ಬಿಟ್ಟಿದೆ, ಎರಡೂ ಪಾದ ಅಲ್ಲಾಡಿಸ್ತಿದಾರೆ. ಬಾಯಿಯಂತೂ ನಡುವೆ ಒಂದು ಗಳಿಗೆ ನಿಂತಿಲ್ಲ."

ಇಬ್ಬರೂ ಒಟ್ಟಿಗೆ ಎದ್ದು ನಿಂತೆವು. ನನಗೆ ಅಳು ನುಗ್ಗಿ ಬಂತು. ಪಕ್ಕದಲ್ಲಿ ವಾರಗಿತ್ತಿಯೂ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ನರ್ಸು ಒಳಗೆ ಹೋಗಿ ಬಾಗಿಲು ಮುಚ್ಚುವವರೆಗೆ ಹಾಗೇ ನಿಂತಿದ್ದೆವು.

"ನಾನು ಎಣಿಸಿದ್ದು ಸರಿಯಾಗಿಯೇ ಇತ್ತು" ಎಂದಳು ವಾರಗಿತ್ತಿ.

"ಸರಿಯಾಗಿದ್ದದ್ದು ನನ್ನದು" ಎಂದೆ.